ದಿಂಬಂ ಘಾಟಿಯಲ್ಲಿ ಉಜ್ಜಿದ ಗಾಲಿ

ನನ್ನ ತಮ್ಮನಿಗೆ ಬುದ್ಧಿ ಕಡಿಮೆ ಅಂತ ನಾನು ಹೇಳುವುದಿಲ್ಲ. ಪ್ರೀತಿ ಜಾಸ್ತಿ, ತಾಳ್ಮೆ ಕಡಿಮೆ, ಅಷ್ಟೆ. ಆದರೂ ಆ ಗಾಲಿಗಳ ನೆನಪಾದರೆ ಇವತ್ತಿಗೂ ಅವನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸುತ್ತದೆ.

ಅಪ್ಪನ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಸತ್ಯಮಂಗಲಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕಿತ್ತು. ಜೀರಹಳ್ಳಿಯ ಕಡೆಯಿಂದ ಹೊರಟು ದಿಂಬಂ ಸೇರಿ, ಅಲ್ಲಿಂದ ಸುತ್ತಿ ಸುತ್ತಿ ಘಾಟಿ ಇಳಿಯಬೇಕು. ಬಸ್ಸಿನ ನೂಕುನುಗ್ಗಲು ಅಪ್ಪನಿಗೆ ಆಗುತ್ತಿರಲಿಲ್ಲ. ಅದಕ್ಕೇ ತಮ್ಮ ಒಂದು ಹಳೆಯ ಕಾರು ಕೊಂಡಿದ್ದ. ಹಿಂದಿನ ಸರದಿಯ ದಿನ ಅದರ ಗಾಲಿ ರಸ್ತೆಯ ಹಳ್ಳಕ್ಕೆ ಬಿದ್ದು ರಿಮ್ಮು ಸೊಟ್ಟಗಾಗಿ, ಟೈರಿನಲ್ಲಿ ಗಾಳಿ ನಿಲ್ಲದೆ, ಸವೆದ ಸ್ಟೆಪ್ನಿ ಹಾಕಿ ಘಾಟಿ ಇಳಿಯಲು ಹೆದರಿ, ಅರ್ಧ ದಾರಿಯಿಂದ ವಾಪಸು ಬಂದಿದ್ದೆವು. ಅಪ್ಪನ ಕಾಲು, ಮುಖ ಎಲ್ಲ ಊದಿಕೊಂಡವು. ಇನ್ನೊಂದು ಸರದಿ ತಪ್ಪಿದರೆ ಜೀವಕ್ಕೇ ಕುತ್ತು ಅಂತ ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ.

ತಮ್ಮ ಚಾಮರಾಜನಗರಕ್ಕೆ ಓಡಿದ. ಹಳೆಯ ಗಾಲಿಗಳನ್ನೆಲ್ಲ, ಸ್ಟೆಪ್ನಿಯನ್ನೂ ಸೇರಿಸಿ, ಅಲ್ಲೇ ಕೊಟ್ಟುಬಿಟ್ಟು ದೊಡ್ಡ ಅಲಾಯ್ ವೀಲು, ಅಗಲವಾದ ಟೈರು ಹಾಕಿಸಿಕೊಂಡು ಬಂದ.

"ಗಾಲಿ ದೊಡ್ಡದಾದ್ರೆ ಅಳ್ಳಕ್ಕೆ ಇಳಿಯಾಕಿಲ್ಲ ಕಣಕ್ಕ. ಅಪ್ಪಂಗೆ ಕುಲುಕಾಕಿಲ್ಲ" ಅಂದ.

ಬೋಲ್ಟುಗಳು ತೂತಿಗೆ ಸರಿಯಾಗಿ ಕೂತವು, ನಟ್ಟು ಬಿಗಿಯಾಯಿತು. ಅಲ್ಲಿಗೆ ಗಾಲಿ ಹೊಂದಿತು ಅಂತ ಅವನ ಲೆಕ್ಕ. ಬೇರೆ ಅಳತೆಯ ಗಾಲಿ ಹಾಕಿದ ಮೇಲೆ ಜನರನ್ನು ಕೂರಿಸಿ, ಹಳ್ಳ ದಿಬ್ಬ ಹತ್ತಿಸಿ, ಜೋರಾಗಿ ತಿರುಗಿಸಿ ನೋಡಬೇಕು. ಖಾಲಿ ಕಾರಿನಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಾಡುವಷ್ಟು ಜಾಗ ಕಾಣುತ್ತದೆ. ಜನ ಕೂತು ಹಿಂಬದಿ ಕುಸಿದರೆ ಆ ಜಾಗ ಇರುವುದಿಲ್ಲ.

ಹಾಗಂತ ನೋಡುವುದಕ್ಕೆ ಅವಕಾಶ ಇರಲಿಲ್ಲವೇ? ಇತ್ತು. ಕಾರು ಅಂಗಳಕ್ಕೆ ಬಂದ ತಕ್ಷಣ ನಾನೇ ಬಾಗಿಲು ತೆಗೆದು ಕೂರಲು ಹೋದೆ. ಅವ್ವ ಒಲೆ ಬಿಟ್ಟು ಓಡಿ ಬಂದಳು.

"ಏಯ್, ಇಳಿಯವ್ವ! ಪೂಜೆ ಆಗೋಗಂಟ ಯಾರೂ ಕೂರಂಗಿಲ್ಲ. ನಿಮ್ಮಪ್ಪ ಮೊದ್ಲು ಕೂತ್ಕಳ್ಳಿ. ಆಯಸ್ಸು ಬತ್ತದೆ."

ಹೊಸದಾಗಿ ಏನೇ ಬರಲಿ, ಮೊದಲು ಯಜಮಾನನೇ ಮುಟ್ಟಬೇಕು. ನೇಗಿಲಿಗೂ ಅದೇ, ಬೈಕಿಗೂ ಅದೇ, ನಮ್ಮ ಮನೆಯ ಪದ್ಧತಿ. ಆಯಸ್ಸಿನ ಮಾತು ಬಂದ ಮೇಲಂತೂ ಯಾರು ಎದುರಾಡುತ್ತಾರೆ? ಸರದಿಯ ದಿನ ಬೆಳಿಗ್ಗೆ ಗಾಲಿಗಳಿಗೆ ವಿಭೂತಿ ಬಳಿದು, ಅಡಿಗೆ ನಿಂಬೆಹಣ್ಣಿಟ್ಟು, ಅಪ್ಪನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಆಚೆ ಅವ್ವ, ಈಚೆ ನಾನು. ಆ ಗಾಲಿಗಳ ಮೇಲೆ ಭಾರ ಬಿದ್ದದ್ದು ಅದೇ ಮೊದಲು.

ಹಂಪು ಬಂದಾಗಲೆಲ್ಲ ಹಿಂದಿನಿಂದ ಕರ್‌ರ್ ಅನ್ನುವ ಸದ್ದು. "ಒಸ ಟೈರು, ಅಂಗೇ ಕಣ" ಅಂತ ತಮ್ಮ ತಳ್ಳಿಹಾಕಿದ. ದಿಂಬಂನ ಟೀ ಅಂಗಡಿ ಮುಂದೆ ನಿಲ್ಲಿಸಿ ಬಗ್ಗಿ ನೋಡಿದವನು ಮೇಲೇಳಲೇ ಇಲ್ಲ. ನಾನೂ ಇಳಿದು ನೋಡಿದೆ. ಮಡ್‌ಗಾರ್ಡಿನ ಒಳ ಅಂಚು ಹಿಂದಿನ ಎರಡೂ ಟೈರುಗಳನ್ನು ಕೊಯ್ಯುತ್ತಿತ್ತು, ಕಪ್ಪು ಪುಡಿ ಉದುರುತ್ತಿತ್ತು. ಘಾಟಿ ಇನ್ನೂ ಶುರುವೇ ಆಗಿರಲಿಲ್ಲ.

"ಏನ್ಲಾ ಮಾಡ್ಕಂಡು ಬಂದಿದ್ದೀಯ? ನಿನ್ನ ಶೋಕಿಗೆ ಬೆಂಕಿ ಬೀಳ!" ಅಂತ ಕಿರುಚಿದೆ.

"ಶೋಕಿಗಲ್ಲ ಕಣಕ್ಕ" ಅಂದು ಡಿಕ್ಕಿ ತೆಗೆದ.

ಹೊಸ ಸ್ಟೆಪ್ನಿಯೂ ಅದೇ ದೊಡ್ಡ ಅಳತೆಯದು. ಅಲ್ಲಿ ನಿಂತಿದ್ದದ್ದು ಕೋಸು ತುಂಬಿದ ಲಾರಿಯೊಂದೇ. ಅದರ ಕ್ಯಾಬಿನ್ನಿಗೆ ಅಪ್ಪನನ್ನು ಹತ್ತಿಸುವುದು ಆಗದ ಮಾತು. ಕೆಳಗಿನಿಂದ ಆಂಬುಲೆನ್ಸ್ ಕರೆಸೋಣವೆಂದರೆ ಫೋನು ಸಿಗಲಿಲ್ಲ. ಅಪ್ಪನ ಉಸಿರು ಕಾರಿನ ಹೊರಗೂ ಕೇಳುತ್ತಿತ್ತು. ತಿರುಗಿ ಹೋಗುವುದೆಂದರೆ ಅವನನ್ನು ಕೈಯಾರೆ ಕೊಂದಂತೆ.

ತಮ್ಮ ಜಾಕಿ ರಾಡನ್ನು ಅಂಚಿಗೆ ಕೊಟ್ಟು, ಮೇಲೆ ಕಲ್ಲಿನಿಂದ ಬಡಿದು ಬಡಿದು ಅದನ್ನು ಮೇಲಕ್ಕೆ ಮಡಚಿದ. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದುಬಂತು, ಅವನ ಅಂಗೈ ಕಿತ್ತುಹೋಯಿತು. ಒಳಗೆ ಒಂದೊಂದು ಏಟಿಗೂ ಅಪ್ಪ ಕಣ್ಣು ಮುಚ್ಚುತ್ತಿದ್ದ. ಸ್ವಲ್ಪ ಜಾಗವೇನೋ ಆಯಿತು. ಆದರೆ ನಾಲ್ಕೂ ಜನ ಕೂತು ಮೊದಲ ತಿರುವಿಗೆ ಹೋದಾಗ ಕಾರು ಒಂದು ಕಡೆ ವಾಲಿ ಮತ್ತೆ ಕರ್‌ರ್ ಅಂತು.

"ಇಳೀರಿ! ತೂಕ ಇಳಿಸ್ರಿ!" ಅಂದ ತಮ್ಮ.

ಅಲ್ಲಿಂದ ಕೆಳಗೆ ತಿರುವು ಬಂದಾಗಲೆಲ್ಲ ನಾನೂ ಅವ್ವನೂ ಇಳಿಯುವುದು, ಕಾರು ಆಮೆಯ ಹಾಗೆ ತಿರುಗುವುದು, ನಾವು ಹಿಂದೆ ಓಡಿ ಹತ್ತಿಕೊಳ್ಳುವುದು. ರಸ್ತೆಯಲ್ಲಿ ಆನೆಯ ಹಸಿ ಲದ್ದಿ ಬಿದ್ದಿತ್ತು. ಅವ್ವ ಒಂದು ಚಪ್ಪಲಿ ಕಳೆದುಕೊಂಡು, ಇನ್ನೊಂದನ್ನೂ ಬಿಟ್ಟು, ಸೀರೆ ಎತ್ತಿಕಟ್ಟಿ ಬರಿಗಾಲಲ್ಲಿ ಓಡಿದಳು. ಹಿಂದೆ ಸಿಕ್ಕಿಕೊಂಡ ಲಾರಿಯವನು ಹಾರನ್ ಒತ್ತಿ ಒತ್ತಿ, "ಓರಂ ಕಟ್ಟುಪ್ಪಾ!" ಅಂತ ಬಯ್ದ. ಪಕ್ಕಕ್ಕೆ ನಿಲ್ಲಿಸಲು ಜಾಗವೆಲ್ಲಿ? "ಒಳ್ಗೆ ಜೀವ ಅದೆ ಕಣಯ್ಯಾ!" ಅಂತ ಅವನ ಮೇಲೂ ಕೂಗಾಡಿದೆ. ತಮಿಳಿನವನಿಗೆ ಕನ್ನಡದಲ್ಲಿ ಕೂಗಿದೆ ಅನ್ನುವುದೂ ನನಗೆ ತಿಳಿಯಲಿಲ್ಲ.

ಒಂದು ಕಡಿದಾದ ತಿರುವಿನಲ್ಲಿ ನಾವಿಬ್ಬರೂ ಇಳಿದರೂ ಟೈರು ಉಜ್ಜಿತು. ತಮ್ಮ ಬ್ರೇಕ್ ಹಾಕಿ ಸ್ಟೇರಿಂಗಿಗೆ ಹಣೆಯಿಟ್ಟ. ಆಗ ಅಪ್ಪ ತಾನೇ ಬಾಗಿಲು ತೆಗೆದ.

"ಉಳಿದಿರೋದು ನನ್ ತೂಕವೇ ತಾನೇ? ಇಳಿಸ್ರಲಾ."

"ಇಳೀಬ್ಯಾಡ ಕಣಪ್ಪ, ನಿನ್ ದಮ್ಮಯ್ಯ!" ಅಂತ ನಾನು ಓಡಿದೆ. ಅಷ್ಟರಲ್ಲಿ ಅವನ ಊದಿದ ಪಾದ ಡಾಂಬರಿನ ಮೇಲಿತ್ತು. ನನ್ನ ಹೆಗಲು ಹಿಡಿದು ಆ ತಿರುವನ್ನು ಅಪ್ಪ ನಡೆದೇ ದಾಟಿದ. ತಡೆಗೋಡೆಯ ಮೇಲೆ ಕುಸಿದು ಕೂತವನ ತುಟಿ ನೀಲಿಯಾಗಿತ್ತು. ಅಯ್ಯೋ ಶಿವನೇ, ಇಲ್ಲೇ ಹೋಗಿಬಿಡುತ್ತಾನೆ ಅಂದುಕೊಂಡೆ.

ಹೋಗಲಿಲ್ಲ. ಟೈರು ಒಡೆಯದೆ ಕಾರು ಘಾಟಿಯ ಬುಡದ ಬಣ್ಣಾರಿ ಸೇರಿತು, ಅಲ್ಲಿಂದ ತೆವಳಿಕೊಂಡು ಸತ್ಯಮಂಗಲ. ಅಪ್ಪನ ಸರದಿಯ ಹೊತ್ತು ಮೀರಿತ್ತು. ನರ್ಸಮ್ಮನ ಕೈಕಾಲು ಹಿಡಿದೆ, ಇನ್ನೊಂದು ಮೆಷಿನ್ ಖಾಲಿಯಾದಾಗ ಮಲಗಿಸಿದರು. ರಕ್ತ ನಳಿಗೆಯಲ್ಲಿ ಓಡತೊಡಗಿದಾಗ ನನಗೂ ಉಸಿರು ಬಂತು. ಅವ್ವ ಕೆಳಗೆ ಕೂತು ಪಾದಕ್ಕೆ ಚುಚ್ಚಿದ ಕಲ್ಲಿನ ಚೂರು ಕೀಳುತ್ತಿದ್ದಳು. ಅಪ್ಪ ಅದನ್ನೇ ನೋಡುತ್ತಿದ್ದ.

"ನಿಮ್ಮವ್ವ ಕಾರಿನ್ ಇಂದೆ ಓಡ್ಬರದ ನೋಡ್ದೆ ಕಣವ್ವ" ಅಂದ ಮೆಲ್ಲಗೆ. "ಸಾಕು. ನಾನಿನ್ನು ಬರಾಕಿಲ್ಲ."

ನೋವಿಗೆ ಆಡುವ ಮಾತು, ಮನೆಗೆ ಹೋದರೆ ಮರೆಯುತ್ತಾನೆ ಅಂದುಕೊಂಡೆ.

ಮುಂದಿನ ಸರದಿಯ ಹೊತ್ತಿಗೆ ತಮ್ಮ ಆ ಕಾರಿನದೇ ಅಳತೆಯ ಗಾಲಿ ಹಾಕಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದ. "ಈಗ ಉಜ್ಜಾಕಿಲ್ಲ ಕಣಪ್ಪ, ಏಳಪ್ಪ" ಅಂತ ಕಾಲು ಹಿಡಿದು ಅತ್ತ. ನಾನು ಬಯ್ದೆ, ಗೋಗರೆದೆ. ಅವ್ವ ಅಪ್ಪನ ಶರ್ಟು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.