ಕಾಲರ್ ಹೊಲಿದವರು ಬೇರೆ

ಉಪ್ಪಾರಹಳ್ಳಿಯ ಖುರ್ಷಿದಾ ಬೇಗಂ ವಸಂತನರಸಾಪುರದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ತವರು ಗುಬ್ಬಿ. ಅಲ್ಲಿ ಅಪ್ಪನ ಟೈಲರ್ ಅಂಗಡಿಯಲ್ಲಿ ಕಲಿತ ಕೆಲಸ. ಅವಳ ಗಂಡ ಅಹಮದ್ ಪಾಷಾ ಆಟೋ ಓಡಿಸುತ್ತಿದ್ದ. ಅವಳ ಜೊತೆ ಒಂದೇ ಲೈನಿನಲ್ಲಿ ಕೂತು ಕಾಲರ್ ಹೊಲಿಯುವ ಹೆಂಗಸರೆಲ್ಲ ಅದರಲ್ಲೇ ಒತ್ತಿಕೊಂಡು ಕೆಲಸಕ್ಕೆ ಬರುತ್ತಿದ್ದರು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡವನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೋಗಿಬಿಟ್ಟ.

ಗಂಡ ಸತ್ತವಳು ಹೊರಗೆ ಬರದೆ ಕಳೆಯುವ ಇದ್ದತ್ ಎಂದು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕೂತಳು. ಮುಗಿಸಿ ಬಂದಾಗ ಕೈ ಅವಳ ಮಾತು ಕೇಳಲಿಲ್ಲ. ಮಿಷನ್ ಓಡುತ್ತಿತ್ತು, ಬಟ್ಟೆ ಹಿಡಿದ ಕೈ ಹಾಗೇ ನಿಂತುಬಿಡುತ್ತಿತ್ತು.

ಆ ಲೈನಿನಲ್ಲಿ ಒಂದು ರೂಢಿ ಇತ್ತು. ಸಾವಿನ ಮನೆಯಿಂದ ಬಂದವಳಿಗೆ, ತಾವು ಹೊಲಿದ ಕಾಲರುಗಳಲ್ಲಿ ಒಂದಿಷ್ಟನ್ನು ಅವಳ ಲೆಕ್ಕದ ಬಂಡಲಿಗೆ ಸೇರಿಸುವುದು. ಕೊಟ್ಟವಳು ಹೇಳಬಾರದು, ತಗೊಂಡವಳು ಕೇಳಬಾರದು. ಪಕ್ಕದ ಓಬಳಮ್ಮ ಸೇರಿಸಿದಳು. ಹಿಂದಿನ ನೇತ್ರಾವತಿಯೂ ಸೇರಿಸಿದಳು. ಒಬ್ಬಳು ಹಾಕಿದ್ದು ಇನ್ನೊಬ್ಬಳಿಗೆ ಗೊತ್ತಿಲ್ಲ. ಲೈನಿಗೆ ಲೈನೇ ಹಾಕಿತು.

ಆಗಲೇ ಹೊಸ ಮ್ಯಾನೇಜರ್ ಗುರುಪ್ರಕಾಶ್ ಬಂದದ್ದು. ಕಂಪನಿಯನ್ನು ಮೇಲೆತ್ತಲು ಅವನ ಹತ್ತಿರ ಮೂರು ವರ್ಷದ ಪ್ಲಾನ್ ಇತ್ತು.

"ನಮ್ಮಲ್ಲೇ ಚೆನ್ನಾಗ್ ಮಾಡೋರು ಯಾರು ಅಂತ ಮೊದ್ಲು ನೋಡೋದು. ಎಲ್ರೂ ಅವರಂಗೇ ಮಾಡೋದು. ಆಮೇಲೆ ಕುಣಿಗಲ್‌ನಲ್ಲೂ ಇನ್ನೊಂದ್ ಯೂನಿಟ್" ಎಂದ.

ಯಾರ ಬಂಡಲಿನಲ್ಲಿ ಎಷ್ಟು ಕಾಲರ್ ಎಂದು ಒಂದು ತಿಂಗಳು ಲೆಕ್ಕ ಹಾಕಿದ. ಖುರ್ಷಿದಾ ಎಲ್ಲರಿಗಿಂತ ಮುಂದೆ ಬಂದಳು. ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದ. ಹೇಳಿದರೆ ಕೊಟ್ಟವರ ಕೆಲಸ ಹೋಗುತ್ತದೆ ಎಂದು ಅವಳು ಬಾಯಿ ಬಿಡಲಿಲ್ಲ. ತನ್ನ ಕೆಲಸವೂ ಹೋಗುತ್ತದೆ ಎಂಬ ಭಯವೂ ಇತ್ತು. ಯಾವುದು ಹೆಚ್ಚು ಎಂದು ಯೋಚಿಸಲು ಹೋಗಲಿಲ್ಲ.

ಮುಂದಿನ ವಾರ ಅವಳ ಲೆಕ್ಕವೇ ಎಲ್ಲರ ಟಾರ್ಗೆಟ್ ಆಯಿತು. ನೀರು ಕುಡಿಯಲು ಏಳುವಂತಿಲ್ಲ. ನೀರು ಕುಡಿದರೆ ಹೊರಗೆ ಹೋಗಬೇಕಾಗುತ್ತದೆ ಎಂದು ಓಬಳಮ್ಮ ಕುಡಿಯುವುದನ್ನೇ ಬಿಟ್ಟಳು.

"ನಿನ್ ಕೈಗ್ ಬೆಣ್ಣೆ ಹಚ್ಚಕ್ ಹೋದ್ವಿ, ನಮ್ ಬಾಯಿಗ್ ಮಣ್ ಬಿತ್ತು ಕಣಕ್ಕ" ಎಂದಳು.

"ಸಾರ್‌ಗೆ ಹೇಳ್ಬುಡ್ತೀನಿ."

"ಹೇಳು. ಎಲ್ರೂ ಮನೆಗೋಗಿ ಮುದ್ದೆ ತೊಳಸ್ಕೊಂಡ್ ಕೂತ್ಕಳನ."

ಖುರ್ಷಿದಾ ಹೇಳಲಿಲ್ಲ. ದಿನವೂ ನಾಳೆ ಎಂದುಕೊಂಡಳು. ಅವಳ ಲೆಕ್ಕ ಇಳಿದರೆ ಗುಟ್ಟು ಬಯಲಾದೀತೆಂದು ಲೈನಿನವರೂ ಹಾಕುವುದನ್ನು ನಿಲ್ಲಿಸಲಿಲ್ಲ.

ಕುಣಿಗಲ್ ಯೂನಿಟ್ ಶುರುವಾದಾಗ ಹೊಸ ಹುಡುಗಿಯರಿಗೆ ಕಲಿಸಲು ಅವಳನ್ನೇ ಕಾರಿನಲ್ಲಿ ಕರೆದುಕೊಂಡು ಹೋದರು. ಮಿಷನ್ ಮುಂದೆ ಕೂರಿಸಿದರು. ಸುತ್ತ ಹುಡುಗಿಯರು. ಗುರುಪ್ರಕಾಶ್ ಮೊಬೈಲಿನಲ್ಲಿ ಟೈಮ್ ಇಟ್ಟ. ಅಲ್ಲಿ ಸೇರಿಸುವವರು ಯಾರೂ ಇರಲಿಲ್ಲ. ಎರಡನೇ ಕಾಲರಿಗೇ ಕೈ ನಿಂತಿತು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಒಬ್ಬಳು ಕಿಸಕ್ಕೆಂದಳು.

"ಹುಷಾರಿಲ್ವೇನಮ್ಮ? ಇನ್ನೊಂದ್ ದಿನ ಬರಣ್ವಾ?" ಎಂದ ಗುರುಪ್ರಕಾಶ್, ಮೆಲ್ಲಗೆ.

ಹೂಂ ಎಂದಿದ್ದರೆ ಅವತ್ತಿಗೆ ಮುಗಿಯುತ್ತಿತ್ತು. ಆದರೆ ಅದೇ ಟಾರ್ಗೆಟ್ ಬಿದ್ದು ಇಲ್ಲಿನ ಹುಡುಗಿಯರೂ ಓಬಳಮ್ಮನಂತೆ ನೀರು ಕುಡಿಯುವುದನ್ನು ಬಿಡುತ್ತಿದ್ದರು.

"ಹುಷಾರಾಗೇ ಇದೀನಿ ಸಾರ್. ನನ್ ಕೈ ಇಷ್ಟೇ. ಆ ಕಾಲರ್ ನಾನ್ ಹೊಲ್ದಿದ್ದಲ್ಲ. ನನ್ ಯಜಮಾನ್ರು ಹೋದ್ರು ಅಂತ ಲೈನ್‌ನೋರು ಹಾಕಿದ್ದು."

"ಯಾರ್ ಯಾರು?"

"ಹಾಕೋವಾಗ ನಾನ್ ತಲೆ ಎತ್ಲಿಲ್ಲ ಸಾರ್." ಅದು ನಿಜ. ನಾಚಿಕೆಯಾಗಿ ಒಂದು ದಿನವೂ ಎತ್ತಿರಲಿಲ್ಲ.

ಅವನು ಬೈಯಲಿಲ್ಲ. "ಪ್ಲಾನ್ ಪೂರ್ತಿ ನಿಮ್ ಮೇಲೆ ನಿಲ್ಸಿದ್ನಲ್ಲಮ್ಮ" ಎಂದು ಹಣೆ ಉಜ್ಜಿಕೊಂಡ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ವಾಪಸ್ಸು ಅವಳು ಬಸ್ಸಿನಲ್ಲಿ ಬಂದಳು.

ಟಾರ್ಗೆಟ್ ಇಳಿಯಿತು. ಒಬ್ಬರ ಕಾಲರ್ ಇನ್ನೊಬ್ಬರ ಬಂಡಲಿಗೆ ಹೋಗಕೂಡದು ಎಂದು ಬೋರ್ಡಿನಲ್ಲಿ ಬರೆದರು. ಅವಳನ್ನು ಮಿಷನ್ನಿನಿಂದ ಎಬ್ಬಿಸಿ ಹೊಲಿದ ಬಟ್ಟೆಯ ಉಳಿದ ದಾರ ಕತ್ತರಿಸಲು ಹಾಕಿದರು. ಆ ವಾರವೇ ನೇತ್ರಾವತಿಯ ತಾಯಿ ತೀರಿಕೊಂಡರು. ಮರಳಿ ಬಂದು ಕೂತವಳ ಬಂಡಲಿಗೆ ಯಾರೂ ಏನೂ ಹಾಕಲಿಲ್ಲ.

ಅವತ್ತು ಮಧ್ಯಾಹ್ನ ಓಬಳಮ್ಮ ಡಬ್ಬಿ ಬಿಚ್ಚಿ, "ಬಾ ಖುರ್ಷಿದಕ್ಕ, ಉಣ್ಣು" ಎಂದು ಕರೆದಳು.

ನೇತ್ರಾವತಿಯ ಕಡೆ ನೋಡಿ, ಹಸಿವಿಲ್ಲ ಎಂದಳು ಖುರ್ಷಿದಾ. ಹಸಿವಿತ್ತು.