ಹಾರದೆ ಇಳಿದ ಸಂಡೂರು ಗುಡ್ಡ

ಬೆಳಿಗ್ಗೆ ಐದೂವರೆಗೆ ಹೊಸಪೇಟೆ ಬಿಟ್ಟೆವು. ಬಾಡಿಗೆ ಜೀಪಿನ ಮೇಲೆ ಮಡಿಸಿ ಕಟ್ಟಿದ ಹ್ಯಾಂಗ್ ಗ್ಲೈಡರ್ ಎಂಬ ಬಟ್ಟೆಯ ರೆಕ್ಕೆ, ಒಳಗೆ ಡ್ರೈವರ್‌ನ ಹಿಂದೆ ನಾನು ಮತ್ತು ಚಿಕ್ಕಪ್ಪನ ಮಗ ಗುರುನಾಥ. ಅವನು ಕುರೆಕುಪ್ಪದಲ್ಲಿದ್ದು ಉಕ್ಕಿನ ಕಾರ್ಖಾನೆಗೆ ಹೋಗುತ್ತಾನೆ. ರಜೆ ಹಾಕಿ ಬೇರೆ ಊರಲ್ಲಿ ಹಾರಲು ಕಲಿತು ಬಂದಿದ್ದ. ಈ ಸೀಮೆಯಲ್ಲಿ ಹಾರುವುದು ಇದೇ ಮೊದಲು. ಜಾಗ ಹೇಳಿದವನು ನಾನು. ಸಂಡೂರಿನ ಗುಡ್ಡವೊಂದರ ಮೂಡಣ ಇಳಿಜಾರಿನಿಂದ ಯಾರೋ ಹಾರಿದ್ದನ್ನು ಕೆಲವು ವರ್ಷಗಳ ಹಿಂದೆ ಕಂಡಿದ್ದೆ. ಆಗ ಗಾಳಿ ಕಣಿವೆಯಿಂದ ನೇರ ಮುಖಕ್ಕೆ ಬರುತ್ತಿತ್ತು. ಈ ರೆಕ್ಕೆಗೆ ಇಂಜಿನ್ ಇಲ್ಲ. ಗಾಳಿಗೆ ಎದುರಾಗಿ ಓಡಿಯೇ ನೆಲ ಬಿಡಬೇಕು. ಗಾಳಿ ಬೆನ್ನಿಗೆ ಬಂದರೆ ಮನುಷ್ಯನನ್ನು ಬಂಡೆಗೆ ಬಡಿಯುತ್ತದೆ.

ಸುಮಾರು ಮೂವತ್ತು ಕಿಲೋಮೀಟರಿನ ದಾರಿ ಅದಿರು ಲಾರಿಗಳ ಹಿಂದೆ ಒಂದೂವರೆ ಗಂಟೆ ಹಿಡಿಯಿತು. ನನಗೆ ಒಂದೇ ಯೋಚನೆ: ನಾನು ಕಂಡದ್ದು ಯಾವ ತಿಂಗಳಲ್ಲಿ? ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದವನಿಗೆ ತಿಂಗಳು ಗೊತ್ತಿಲ್ಲದ ಗಾಳಿಯ ಮಾತು ಮಾತೇ ಅಲ್ಲ. ಅಂದು ಸ್ವೆಟರ್ ಹಾಕಿದ್ದೆನೋ, ಬೆವರುತ್ತಿದ್ದೆನೋ, ನೆನಪಾಗಲಿಲ್ಲ. ಈಗ ಮೇ ತಿಂಗಳ ಕೊನೆ.

ನೆತ್ತಿಗಿಂತ ತುಸು ಕೆಳಗೆ ಒಂದು ತುಂಡು ಬಯಲಿತ್ತು. ಅಲ್ಲಿ ರೆಕ್ಕೆ ಬಿಚ್ಚಿ, ಕೋಲಿಗೊಂದು ರಿಬ್ಬನ್ ಕಟ್ಟಿದೆವು. ಅದು ಗುಡ್ಡದ ಕಡೆಗೇ, ಅಂದರೆ ನಮ್ಮ ಬೆನ್ನ ಹಿಂದಕ್ಕೆ, ಹಾರಿತು.

"ನೋಡಣ್ಣ, ನೀ ಹೇಳಿದಂಗ ಐತಿ. ಮಸ್ತ್ ಗಾಳಿ!" ಎಂದ ಗುರುನಾಥ, ಬೆಲ್ಟು ಬಿಗಿಯುತ್ತ.

ಕುರಿ ಮೇಯಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಹತ್ತಿರ ಬಂದರು. ಹೆಸರು ಹನುಮಕ್ಕ.

"ಏನಪಾ ಇದು, ಮದಿವಿ ಚಪ್ಪರೇನು?"

"ಹಾರೋದಕ್ಕ ಬಂದೀವಮ್ಮ," ಎಂದು ರಿಬ್ಬನ್ ತೋರಿಸಿದೆ.

ಅವರು ನಕ್ಕರು. "ಇದು ಕಳ್ಳ ಗಾಳಿ. ಗುಡ್ಡದ ಮಗ್ಗಲಾಗ ನಾವು ಕಣಾನ ಮಾಡಂಗಿಲ್ಲ. ತೂರಿದ ಹೊಟ್ಟು ಹೊಳ್ಳಿ ಕಾಳಿನ ಮ್ಯಾಲೇ ಬೀಳತೈತಿ. ಓದಿದೋರು ನೀವು, ಮ್ಯಾಲ ಹತ್ತಿ ನೋಡಬಾರ್ದೇನ್ರಿ?"

ಮೂವತ್ತು ಹೆಜ್ಜೆ ಹತ್ತಿದರೆ ನೆತ್ತಿ. ನಾವು ಹತ್ತಿರಲಿಲ್ಲ. ಹನುಮಕ್ಕ ತಾವೇ ನೆತ್ತಿಗೆ ಹತ್ತಿ, ಒಣಹುಲ್ಲನ್ನು ಅಂಗೈಯಲ್ಲಿ ತಿಕ್ಕಿ ಮೇಲಕ್ಕೆ ತೂರಿದರು. ಪುಡಿ ಸರ್ರನೆ ನಮ್ಮ ರೆಕ್ಕೆಯ ಮೇಲಿಂದ ಕಣಿವೆಗೆ ಹೋಯಿತು. ನಿಜವಾದ ಗಾಳಿ ಪಡುವಣದ್ದು. ಗುಡ್ಡ ದಾಟಿ ಕೆಳಗೆ ಸುತ್ತಿ, ಬಯಲಲ್ಲಿ ನಮ್ಮ ಮುಖಕ್ಕೆ ಬರುತ್ತಿತ್ತು, ಅಷ್ಟೆ.

"ಹಿಂದ ಇಲ್ಲಿಂದ ಯಾರೋ ಹಾರಿದ್ರಲ್ಲಮ್ಮ?" ಅವರು ಇಳಿದು ಬಂದಾಗ ಕೇಳಿದೆ.

"ಹಾರಿದ್ರು. ಸಂಕ್ರಾಂತಿ ಮುಂದ. ಆಗ ಮೂಡಗಾಳಿ."

ಗುರುನಾಥ ಬೆಲ್ಟಿನ ಮೇಲಿಟ್ಟ ಕೈ ತೆಗೆಯಲಿಲ್ಲ. "ಇಷ್ಟು ದೂರ ಬಂದೀವಿ. ಒಂದ್ಸಲ ಓಡಿ ನೋಡ್ಲೇನಣ್ಣ?"

"ಬ್ಯಾಡಲೇ. ನಾ ತಪ್ಪು ಹೇಳಿದ್ದೆ."

ಹಾಗೆನ್ನಲು ದಾರಿಯುದ್ದಕ್ಕೂ ಹೆದರಿದ್ದೆ. ಅಂದ ಮೇಲೆ ಎದೆ ಹಗುರಾಯಿತು. ಅವನು ಸ್ವಲ್ಪ ಹೊತ್ತು ಕಣಿವೆ ನೋಡಿ, ಒಂದೊಂದೇ ಕೊಂಡಿ ಬಿಚ್ಚಿದ. ರೆಕ್ಕೆ ಮಡಿಸುತ್ತಿದ್ದಾಗ ನೆತ್ತಿಯಿಂದ ಭರ್ರನೆ ಬಂದ ಗಾಳಿ ಹನುಮಕ್ಕನ ಹೆಗಲ ಮೇಲಿನ ಕಂಬಳಿಯನ್ನು ಕಿತ್ತುಕೊಂಡು, ಇಳಿಜಾರಿನ ಬಂಡೆಗಳ ಮೇಲೆ ಅಪ್ಪಳಿಸಿತು. ಗುರುನಾಥನೇ ಇಳಿದು ಹೋಗಿ ಅದನ್ನು ತಂದು, ಕೊಡವಿ, ಎರಡೂ ಕೈಯಲ್ಲಿ ಕೊಟ್ಟ.

ಸಂಡೂರಿನ ಬಸ್‌ಸ್ಟ್ಯಾಂಡಿನ ಬಳಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದೆವು. ಅವನು ನಾಲ್ಕು ಮಿರ್ಚಿ ತಿಂದ. ಊರು ದಾಟಿದ ಮೇಲೆ ತಿರುಗಿ ನೋಡಿದೆ. ಗುಡ್ಡ ಬಿಸಿಲಲ್ಲಿ ಕೆಂಪಗೆ, ಏನೂ ಅರಿಯದಂತೆ ನಿಂತಿತ್ತು. ಗುರುನಾಥ ನನ್ನ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಹೊಸಪೇಟೆಯವರೆಗೂ ಹೆಗಲು ಅಲುಗಿಸಲಿಲ್ಲ.