ಗುರುವಾರ ಹುಟ್ಟಿದವಳು ಶುಕ್ರವಾರದವಳಾದದ್ದು

ನಮ್ಮ ಮೊಮ್ಮಗಳು ಹುಟ್ಟಿದ್ದು ಗುರುವಾರ ಸಂಜೆ, ಹಾನಗಲ್ಲಿನಲ್ಲಿ. ದೇವರ ಮುಂದೆ ದೀಪ ಹಚ್ಚುವಾಗಲೇ ಮಗನ ಫೋನು ಬಂತು. ಕಡ್ಡಿ ಕೈಯಲ್ಲೇ ಉರಿದು ಬೆರಳು ಸುಟ್ಟಿತು. ಆ ದಿನ ನಾನು ಮರೆಯುವಂಥದ್ದಲ್ಲ. ತಾಯಿ, ಮಗು ಇಬ್ಬರೂ ನೆಟ್ಟಗಿದ್ದರು, ಶಿವ ಅಷ್ಟು ಕೊಟ್ಟಿದ್ದ.

ಆರು ವಾರಕ್ಕೆ ಮೊದಲ ಚುಚ್ಚುಮದ್ದು. ನಮ್ಮೂರ ಅಂಗನವಾಡಿಗೆ ನರ್ಸಮ್ಮ ಬರುವುದು ಗುರುವಾರ ಮಾತ್ರ. ಕೂಸಿನ ತಲೆಗೆ ಕುಂಚಿಗೆ ಕಟ್ಟಿ, ಎತ್ತಿಕೊಂಡು ನಾನೂ ಸೊಸೆಯೂ ಹೋದೆವು. ಅಂಗನವಾಡಿ ಅಕ್ಕ ತನ್ನ ಫೋನಿನಲ್ಲಿ ಬರೆದಿಟ್ಟ ಲೆಕ್ಕ ನೋಡಿ, "ಇನ್ನೂ ಒಂದ್ ದಿನ ಕಮ್ಮಿ ಐತ್ರಿ ಅಮ್ಮಾರ. ಕೂಸು ಶುಕ್ರವಾರದ್ದು ಅಂತ ತೋರಸಾಕತ್ತೈತಿ. ಮುಂದಿನ ವಾರ ಬರ್ರಿ," ಎಂದಳು.

"ಹಡದಾಕಿ ಇಲ್ಲೇ ನಿಂತಾಳ, ಆಕೀನ ಕೇಳು. ನಿನ್ನ ಫೋನು ಹಡದೈತೇನು?" ಎಂದೆ.

ನರ್ಸಮ್ಮ ನಕ್ಕು, ಆಸ್ಪತ್ರೆಯ ಚೀಟಿ ನೋಡಿ, ದಿನ ತಿದ್ದಿಸಿ ಸೂಜಿ ಹಾಕಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಕೆಲವು ದಿನಕ್ಕೆ ಅಂಗನವಾಡಿಯಿಂದ ನನ್ನ ಫೋನಿಗೆ ಬಂದ ಸಂದೇಶದಲ್ಲಿ ಕೂಸು ಮತ್ತೆ ಶುಕ್ರವಾರದ್ದಾಗಿತ್ತು. ಆಸ್ಪತ್ರೆಯ ಚೀಟಿಯಲ್ಲಿ ಒಂದು ದಿನ, ಅಂಗನವಾಡಿಯ ಲೆಕ್ಕದಲ್ಲಿ ಇನ್ನೊಂದು ದಿನ ಇದ್ದರೆ ಈ ಹುಡುಗಿ ಮುಂದೆ ಎಷ್ಟು ಬಾಗಿಲಲ್ಲಿ ನಿಲ್ಲಬೇಕಾದೀತೋ.

ಅಂಗನವಾಡಿ ಅಕ್ಕನನ್ನು ಕೇಳಿದರೆ, "ತಪ್ಪಿ ಬೆರಳು ತಾಕಿರಬೇಕ್ರಿ," ಎಂದು ಮೊಟ್ಟೆ ಎಣಿಸುತ್ತಲೇ ಮತ್ತೆ ಸರಿಮಾಡಿದಳು. ತಲೆ ಎತ್ತಲಿಲ್ಲ. ಬೆರಳು ಒಂದು ಸಲ ತಪ್ಪಬಹುದು. ಎರಡು ಸಲವೂ ಶುಕ್ರವಾರಕ್ಕೇ ಹೋಗಿ ತಾಕುವ ಬೆರಳು ಎಂಥದು?

ಮನೆಗೆ ಬರುವಾಗ ಬೀಗತಿಯ ಮಾತು ನೆನಪಾಯಿತು. ಯಲವಿಗಿಯಿಂದ ತೊಟ್ಟಿಲ ಶಾಸ್ತ್ರಕ್ಕೆ ಬಂದಾಗ ಪಂಚಾಂಗ ನೋಡಿಸಿ, ಗುರುವಾರ ಮೂಲಾ ನಕ್ಷತ್ರ, ಶುಕ್ರವಾರ ಇಲ್ಲ ಎಂದು ಸಣ್ಣಗೆ ಹೇಳಿದ್ದಳು. ಮೂಲಾ ನಕ್ಷತ್ರದ ಹುಡುಗಿ ಮದುವೆಯಾಗಿ ಹೋದ ಮನೆಯ ಮಾವನಿಗೆ ಆಗಿಬರುವುದಿಲ್ಲ ಎಂಬುದು ನಮ್ಮ ಕಡೆಯ ಅಂಜಿಕೆ. ಬೀಗತಿಗೆ ಫೋನು ಹಚ್ಚಿ, ದಿನ ತಿದ್ದಿಸಿದ್ದು ನೀವೇ ಏನು ಎಂದು ನೇರ ಕೇಳಿದೆ.

"ಯಲವಿಗ್ಯಾಗ ಕುಂತು ನಿಮ್ಮೂರ ಫೋನು ತಿದ್ದಾಕ ನನ್ನ ಕೈ ಅಷ್ಟ ಉದ್ದ ಇಲ್ಲರಿ," ಎಂದಳು. ಮಾತು ಚುಚ್ಚಿತು, ಆದರೆ ನಿಜವಿತ್ತು.

ಹಾಗಾದರೆ ಸೊಸೆಯೇ? ರೊಟ್ಟಿ ಬಡಿಯುವಾಗ ಅವಳ ಮುಖ ನೋಡಿದೆ, ಕೂಸಿಗೆ ಹಾಲೂಡುವಾಗ ನೋಡಿದೆ. "ಯಾಕ್ರಿ ಅತ್ತಿ, ಹಂಗ್ಯಾಕ ನೋಡಾಕತ್ತೀರಿ?" ಎಂದಳು. ಏನಿಲ್ಲ ಎಂದೆ. ಒಂದೇ ಒಲೆಯ ಮುಂದೆ ಕುಂತು ಒಬ್ಬರನ್ನೊಬ್ಬರು ಸಂಶಯ ಪಡುವುದು ಒಳ್ಳೆಯ ಬಾಳುವೆಯಲ್ಲ.

ಮರುದಿನ ಪೂಜೆಗೆ ಕುಂತೆ. ನಮ್ಮ ಮನೆಯವರು, ಕೂಸಿನ ಅಜ್ಜ, ದಿನಾ ಮುಂಜಾನೆ ಊರಾಚೆಯ ಗುಡಿಯ ಗಿಡದಿಂದ ಬಿಲ್ವಪತ್ರಿ ತರುತ್ತಾರೆ. ಆವತ್ತಿನ ಪತ್ರಿಯ ಮೇಲೆ ಬಿಳಿ ಚುಕ್ಕೆಗಳಿದ್ದವು, ತೊಳೆದರೂ ಹೋಗಲಿಲ್ಲ. ಉಗುರಿನಿಂದ ಕೆರೆದೆ. ಸುಣ್ಣ. ಊರಲ್ಲಿ ಆ ವಾರ ಸುಣ್ಣ ಬಳಿಯುತ್ತಿದ್ದದ್ದು ಅಂಗನವಾಡಿಯ ಗೋಡೆಗೆ, ಆ ಗೋಡೆಗೆ ಒರಗಿಯೇ ಒಂದು ಬಿಲ್ವದ ಗಿಡವಿದೆ.

"ಇವತ್ತ ಪತ್ರಿ ಎಲ್ಲಿಂದ ತಂದ್ರಿ?"

"ಗುಡಿಯಿಂದ. ಮತ್ತೆಲ್ಲಿಂದ ತರ್ಲಿ?"

"ಗುಡಿ ಗಿಡಕ್ಕ ಸುಣ್ಣ ಬಳದವರ್ಯಾರು?"

ಅವರು ಟವೆಲ್ಲು ಹೆಗಲಿನಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡರು. ಆಮೇಲೆ ಕಟ್ಟೆಯ ಮೇಲೆ ಕುಂತರು.

"ನನ್ನ ತಂಗೀನ್ನ ನೋಡಾಕ ಬಂದವರೆಲ್ಲಾ ಅವಲಕ್ಕಿ ತಿಂದು, ಮೂಲಾ ಅಂತ ಕೇಳಿ ಎದ್ದ್ ಹ್ವಾದ್ರು. ಕಡೀಕ ಚಿಕ್ಕೇರೂರಿಗೆ, ಎರಡನೇ ಸಂಬಂಧಕ್ಕ ಕೊಟ್ವಿ. ಈ ಕೂಸಿಗೆ ಅದು ಬ್ಯಾಡ. ಶುಕ್ರವಾರ ಅಂತ ಬರಿ ಅಂತ ಅಂಗನವಾಡ್ಯಾಕಿಗೆ ನಾನ ಕೈ ಮುಗದ್ ಹೇಳೇನಿ, ಆಕೀಗೆ ಬಯ್ಯಬ್ಯಾಡ."

"ಕೊರಳಾಗ ಲಿಂಗ ಕಟಗೊಂಡು ನಕ್ಷತ್ರಕ್ಕ ಅಂಜತೀರೇನ್ರಿ?"

"ನಾ ಅಂಜೂದಿಲ್ಲ. ನೋಡಾಕ ಬರೋರು ಅಂಜತಾರ."

ಆ ನಾದಿನಿ ಪ್ರತಿ ನಾಗರಪಂಚಮಿಗೆ ನಮ್ಮಲ್ಲಿಗೆ ಬರುತ್ತಾಳೆ. ತನಗಿಂತ ಎತ್ತರ ಬೆಳೆದ ಮಲಮಕ್ಕಳಿಗೆ ಉಂಡಿ ಕಟ್ಟಿಕೊಂಡು ಹೋಗುತ್ತಾಳೆ. ಅಂಥ ಮನೆಗೆ ಯಾಕೆ ಕೊಟ್ಟರು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಸಿಟ್ಟು ಅರ್ಧಕ್ಕೆ ಇಳಿಯಿತು.

"ಸುಳ್ಳು ದಿನ ಬರಸಿದ್ರ, ಆಕಿ ಹುಟ್ಟಿದ್ದ ತಪ್ಪು ಅಂತ ಮೊದಲ ನಾವ ಒಪ್ಪಿಕೊಂಡಂಗಲ್ಲೇನ್ರಿ?" ಎಂದೆ. ಸುಣ್ಣದ ಪತ್ರಿಯನ್ನೇ ಲಿಂಗಕ್ಕೆ ಏರಿಸಿದೆ. ಅದರದೇನು ತಪ್ಪು?

ಮುಂದಿನ ಚುಚ್ಚುಮದ್ದಿನ ಗುರುವಾರ ಅವರೇ ಕೂಸನ್ನು ಎತ್ತಿಕೊಂಡು ಹೊರಟರು. "ಗುರುವಾರ ಅಂತನ ಇರಲಿ ತಂಗಿ," ಎಂದರು ಅಂಗನವಾಡಿ ಅಕ್ಕನಿಗೆ.

"ಇದ ಕಡೀದೇನ್ರಿ ಯಜಮಾನ್ರ? ತಿದ್ದಿ ತಿದ್ದಿ ನನ್ನ ಬೆರಳು ಸವದಾವು."

ಸೂಜಿ ಹಾಕುವಾಗ ಕೂಸಿನ ಕಾಲು ಹಿಡಿದವರು ಅವರೇ, ಕಣ್ಣು ಮುಚ್ಚಿಕೊಂಡವರೂ ಅವರೇ. ಜ್ವರ ಸಂಜೆಗೇ ಇಳಿಯಿತು, ಅದೂ ಶಿವನ ದಯೆ.

ಆದರೂ ಮನಸ್ಸು ಪೂರ್ತಿ ನಂಬುವುದಿಲ್ಲ. ಈಗಲೂ ಪತ್ರಿ ತಂದುಕೊಟ್ಟಾಗ ಸುಣ್ಣದ ಚುಕ್ಕೆ ಇದೆಯೇ ಎಂದು ಎಲೆ ತಿರುವಿ ನೋಡುತ್ತೇನೆ.

"ನೋಡ್ಕೊ, ಬರೇ ಧೂಳ ಐತಿ," ಎನ್ನುತ್ತಾರೆ.